ಬಳಪದ ಕಲ್ಲಿನ ಅಡುಗೆ ಕಟ್ಟೆ ಹಾಕಿಸುವ ಮುಂಚೆ

ಸ್ಲೇಟಿನ ಮೇಲೆ ಬಳಪ ಎಳೆದರೆ ಬಿಳಿ ಗೆರೆ ಬೀಳುತ್ತದೆ. ಸ್ಲೇಟು ಗಟ್ಟಿ, ಬಳಪ ಮೆತ್ತಗೆ. ಸವೆದು ಪುಡಿಯಾಗುವುದು ಬಳಪ. ಒಂದನೇ ಕ್ಲಾಸಿನ ಮಗುವಿನ ಕೈಗೂ ಗೊತ್ತಿರುವ ಈ ಸಂಗತಿಯನ್ನು ಅಡುಗೆಮನೆಗೆ ತಂದು ನೋಡಿ. ಬಳಪದ ಕಲ್ಲನ್ನೇ ಮೂರು ಸೆಂಟಿಮೀಟರ್ ದಪ್ಪದ ಹಲಗೆಯಾಗಿ ಸೀಳಿ ಕಟ್ಟೆಗೆ ಹಾಸಿದರೆ ಕುಕ್ಕರು, ಬೋಗುಣಿ, ಪಿಂಗಾಣಿ ಬಟ್ಟಲುಗಳೆಲ್ಲ ಸ್ಲೇಟಿನ ಜಾಗಕ್ಕೆ ಬರುತ್ತವೆ, ಕಟ್ಟೆ ಬಳಪದ ಜಾಗಕ್ಕೆ ಹೋಗುತ್ತದೆ. ಈ ಕಲ್ಲಿನ ಬಗ್ಗೆ ಕೇಳಿಬರುವ ದೂರುಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟುತ್ತವೆ.

ಬಳಪದ ಕಲ್ಲಿನ ಕಟ್ಟೆ ಮೂಲತಃ ಅಮೆರಿಕದ ಅಡುಗೆಮನೆಯ ವಸ್ತು. ಅಲ್ಲಿನ ಈಶಾನ್ಯ ಭಾಗದ ನ್ಯೂ ಇಂಗ್ಲೆಂಡ್ ಕಡೆಯ ಹಳೆಯ ಮನೆಗಳಲ್ಲಿ 19ನೇ ಶತಮಾನದ ಬಳಪದ ಕಲ್ಲಿನ ಸಿಂಕುಗಳು ಇವತ್ತಿಗೂ ಬಳಕೆಯಲ್ಲಿವೆ. ವರ್ಜೀನಿಯಾ ರಾಜ್ಯದ ನೆಲ್ಸನ್ ಕೌಂಟಿಯ ಸ್ಕೈಲರ್ ಎಂಬ ಊರಿನ ಸುತ್ತಲಿನ ಗಣಿಗಳಿಂದ ಬಂದ 'ಆಲ್ಬರೀನ್' ಕಲ್ಲನ್ನು ಶಾಲಾ ಕಾಲೇಜುಗಳ ರಸಾಯನಶಾಸ್ತ್ರದ ಲ್ಯಾಬ್ ಮೇಜುಗಳಿಗೆ ಹಾಸುತ್ತಿದ್ದರು. ಆಮ್ಲ ಚೆಲ್ಲಿದರೂ ಜಗ್ಗದ, ಬನ್ಸೆನ್ ಬರ್ನರಿನ ಕಾವಿಗೆ ಬಿರಿಯದ ಕಲ್ಲು ಎಂಬ ಹೆಸರು ಅದಕ್ಕೆ ಬಂದದ್ದು ಆ ಮೇಜುಗಳಿಂದ. ಈಗ ಅಮೆರಿಕದ ಅಂಗಡಿಗಳಲ್ಲಿ ಸಿಗುವ ಹಲಗೆಗಳಲ್ಲಿ ಬಹುಪಾಲು ಬ್ರೆಜಿಲ್‌ನವು. ಹುಣಸೆ, ನಿಂಬೆ, ವಿನೆಗರ್ ಬಿದ್ದರೆ ಅಮೃತಶಿಲೆ ಮಂಕಾಗುತ್ತದೆ, ನಮ್ಮ ಕಡಪ ಕಲ್ಲೂ ಅಷ್ಟೇ. ಒಳ್ಳೆಯ ಬಳಪದ ಕಲ್ಲು ಹಾಗೆ ಮಂಕಾಗುವುದಿಲ್ಲ. ಅರಿಸಿನದ ಕಲೆ ಒಳಗೆ ಇಳಿಯುವುದಿಲ್ಲ, ಏಕೆಂದರೆ ಇಳಿಯಲು ಅದರಲ್ಲಿ ರಂಧ್ರಗಳೇ ಇಲ್ಲವೆನ್ನಬಹುದು. ಈ ಗುಣಗಳು ನಿಜ. ಬಾಸ್ಟನ್‌ನಲ್ಲೋ ನ್ಯೂಜೆರ್ಸಿಯಲ್ಲೋ ಮನೆ ಕೊಂಡ ಕನ್ನಡಿಗರು ಇವುಗಳ ಪಟ್ಟಿ ಕೇಳಿ 'ನಮ್ಮ ಅಡುಗೆಗೆ ಹೇಳಿ ಮಾಡಿಸಿದ ಕಲ್ಲು' ಅಂದುಕೊಳ್ಳುವುದು ಸಹಜ. ಪಟ್ಟಿಯ ಇನ್ನೊಂದು ಮಗ್ಗುಲನ್ನು ಮಾರುವವರು ಅಷ್ಟು ಬಿಡಿಸಿ ಹೇಳುವುದಿಲ್ಲ.

ಬಳಪದ ಕಲ್ಲಿನ ಜೀವಾಳ ಟಾಲ್ಕ್ ಎಂಬ ಖನಿಜ. ಗಡಸುತನ ಅಳೆಯುವ ಮೋಸ್ ಅಳತೆಗೋಲಿನಲ್ಲಿ ಅದರ ಸ್ಥಾನ 1, ಅಂದರೆ ಅತಿ ಕೆಳಗಿನದು. ಮುಖಕ್ಕೆ ಹಚ್ಚುವ ಪೌಡರಿಗೂ ಇದೇ ಖನಿಜ. ಇದರ ಜೊತೆ ಕ್ಲೋರೈಟ್, ಮ್ಯಾಗ್ನಸೈಟ್ ಅಥವಾ ಡಾಲೊಮೈಟ್, ಒಂದಿಷ್ಟು ಮ್ಯಾಗ್ನಟೈಟ್ ಎಂಬ ಬೇರೆ ಖನಿಜಗಳು ಸೇರಿ ಕಲ್ಲಾಗಿರುತ್ತದೆ. ಟಾಲ್ಕ್ ಪಾಲು ಹೆಚ್ಚಿದಷ್ಟೂ ಕಲ್ಲು ಮೆದು. ಕೆತ್ತನೆಯವರು ಇಷ್ಟಪಡುವ ಕಲ್ಲಿನಲ್ಲಿ ಟಾಲ್ಕ್ ಸುಮಾರು 80 ಭಾಗ ಇದ್ದರೆ, ಕಟ್ಟೆಗೆ ಯೋಗ್ಯವಾದದ್ದರಲ್ಲಿ ಅದು ಸುಮಾರು ಅರ್ಧ. ಬೇಲೂರಿನ ಚೆನ್ನಕೇಶವ ಗುಡಿ 1117ರದು. ಅಲ್ಲಿನ ಮದನಿಕೆಯರ ಬಳೆ, ಸರ, ಜಡೆಬಿಲ್ಲೆಗಳನ್ನು ಅಷ್ಟು ಸೂಕ್ಷ್ಮವಾಗಿ ಬಿಡಿಸಲು ಆದದ್ದು ಹೊಯ್ಸಳ ರೂವಾರಿಗಳ ಕೈಗೆ ಕ್ಲೋರೈಟ್ ತುಂಬಿದ ಇದೇ ಜಾತಿಯ ಮೆದು ಕಲ್ಲು ಸಿಕ್ಕಿದ್ದರಿಂದ. ಅದೇ ಗುಡಿಯ ಒಳಗಿನ ಕಂಬಗಳನ್ನು ಬುಗುರಿಯ ಹಾಗೆ ತಿರುಗಿಸಿ ಕಡೆದಿದ್ದಾರೆ. ಗ್ರಾನೈಟಿನಲ್ಲಿ ಆ ಕಾಲದ ಉಳಿಗೆ ಇದು ಸುಲಭದ ಮಾತಾಗಿರಲಿಲ್ಲ. ಮದನಿಕೆ ನಿಂತಿರುವುದು ಕೈಗೆಟುಕದ ಎತ್ತರದಲ್ಲಿ. ಅಡುಗೆ ಕಟ್ಟೆಯ ಮೇಲಾದರೋ ದಿನಕ್ಕೆ ನೂರು ಸಲ ಏನಾದರೊಂದು ಉಜ್ಜಿಕೊಂಡು ಹೋಗುತ್ತದೆ. ಕಟ್ಟೆಗೆ ಹಾಕುವ ಬಳಪದ ಕಲ್ಲಿನ ಗಡಸುತನ ಮೋಸ್ ಲೆಕ್ಕದಲ್ಲಿ ಹೆಚ್ಚುಕಡಿಮೆ 2.5ರಿಂದ 3.5. ಉಗುರು 2.5, ಚಾಕುವಿನ ಉಕ್ಕು 5.5, ಗ್ರಾನೈಟ್ 6ರಿಂದ 7. ಮನೆಯ ಪಾತ್ರೆಗಳಲ್ಲಿ ಈ ಕಲ್ಲಿಗಿಂತ ಮೆತ್ತಗಿರುವುದು ಪ್ಲಾಸ್ಟಿಕ್ ಡಬ್ಬಿ, ಮರದ ಸೌಟಿನಂಥ ಕೆಲವು ಮಾತ್ರ.

ಗೀರು ಬೀಳುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಪಿಂಗಾಣಿ ಬಟ್ಟಲನ್ನು ಬೋರಲು ಹಾಕಿ ಅದರ ಬುಡದ ಬಳೆಯನ್ನು ಬೆರಳಿನಿಂದ ಸವರಿ. ಎಲ್ಲ ಕಡೆ ಗಾಜಿನಂತೆ ನುಣುಪಾಗಿರುವ ಬಟ್ಟಲು ಅಲ್ಲಿ ಮಾತ್ರ ತರಿತರಿಯಾಗಿರುತ್ತದೆ, ಏಕೆಂದರೆ ಗೂಡಿನ ತಟ್ಟೆಗೆ ಅಂಟಬಾರದೆಂದು ಆ ಭಾಗಕ್ಕೆ ಮೆರುಗು ಹಚ್ಚಿರುವುದಿಲ್ಲ. ಆ ಬಳೆ ಉಕ್ಕಿಗಿಂತ ಗಟ್ಟಿ. ಬಟ್ಟಲನ್ನು ಎತ್ತಿಡದೆ ಎಳೆದರೆ ಒಂದಕ್ಕೊಂದು ಸಮಾಂತರವಾಗಿ ಎರಡು ಬಿಲ್ಲಿನಂಥ ಗೀರು ಮೂಡುತ್ತವೆ. ಚಾಕುವಿನ ಗೀರು ತೆಳು. ಬಟ್ಟಲಿನದು ಅಗಲ, ಅದನ್ನು ತೆಗೆಯುವುದು ಕಷ್ಟ. ನಮ್ಮ ಅಡುಗೆಯಲ್ಲಿ ಇದಕ್ಕಿಂತ ದೊಡ್ಡ ಹೊಡೆತ ಕೊಡುವುದು ಮುದ್ದೆ ತಿರುವುವ ಹೊತ್ತು. ಪಾತ್ರೆಯನ್ನು ಒಲೆಯಿಂದ ಇಳಿಸಿ ಕಟ್ಟೆಯ ಮೇಲಿಟ್ಟು, ಇಕ್ಕಳದಲ್ಲಿ ಅದುಮಿ ಹಿಡಿದು, ಕೋಲಿನಿಂದ ಮೈಭಾರ ಹಾಕಿ ತಿರುವುವಾಗ ಪಾತ್ರೆಯ ಬುಡವೂ ಅಷ್ಟಷ್ಟು ತಿರುಗುತ್ತದೆ. ಬುಡದಡಿ ಒಂದೇ ಒಂದು ಮರಳು ಕಾಳು ಸಿಕ್ಕಿಕೊಂಡಿದ್ದರೂ ಸಾಕು, ಕಟ್ಟೆಯ ಮೇಲೆ ಉಂಗುರದ ಆಕಾರದ ಕಚ್ಚು ನಿಲ್ಲುತ್ತದೆ. ಕಬ್ಬಿಣದ ಕಾಲಿನ ತುರಿಮಣೆ, ರಬ್ಬರ್ ಬುಡಕ್ಕೆ ಧೂಳು ಮೆತ್ತಿದ ವೆಟ್ ಗ್ರೈಂಡರ್, ಬುಡ ಸೊಟ್ಟಗಾದ ಹಳೆಯ ಕಬ್ಬಿಣದ ಬಾಣಲೆ ಇವೆಲ್ಲ ಇದೇ ಸಾಲಿಗೆ ಸೇರುತ್ತವೆ. ಎತ್ತಿ ಇಡುವುದು, ಎಳೆಯದಿರುವುದು: ಈ ಅಭ್ಯಾಸ ಮನೆಯವರೆಲ್ಲರಿಗೂ, ಮನೆಗೆಲಸಕ್ಕೆ ಬರುವವರಿಗೂ ಆಗಬೇಕು. ಆಗದೇ ಹೋದರೆ ಗೀರಿಗೆ ಕಲ್ಲನ್ನು ದೂರಿ ಪ್ರಯೋಜನವಿಲ್ಲ.

ಕಂಡ ಬಿಳಿ ಗೆರೆಗಳೆಲ್ಲ ಗೀರಲ್ಲ ಅನ್ನುವುದು ಸಮಾಧಾನದ ವಿಷಯ. ಎಷ್ಟೋ ಸಲ ಅದು ಮೇಲ್ಮೈಯ ಟಾಲ್ಕ್ ಜಜ್ಜಿ ಬೆಳ್ಳಗಾದದ್ದು ಅಷ್ಟೇ. ಮೊದಲು ಬೆರಳಿಗೆ ಒಂದು ಹನಿ ಎಣ್ಣೆ ತೆಗೆದುಕೊಂಡು ಉಜ್ಜಿ ನೋಡಿ. ಗೆರೆ ಮಾಯವಾದರೆ ಅಲ್ಲಿಗೆ ಕೆಲಸ ಮುಗಿಯಿತು. ಮಾಯವಾಗದಿದ್ದರೆ ಉಗುರನ್ನು ಅಡ್ಡಕ್ಕೆ ಎಳೆಯಿರಿ. ಉಗುರು ತಡೆಯದಿದ್ದರೆ 220 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ತರಿ ಕಾಗದ, ನಂಬರ್ ಹೆಚ್ಚಿದಷ್ಟೂ ನುಣುಪು) ಸಾಕು. ತಡೆದರೆ 120ರಿಂದ ಶುರುಮಾಡಬೇಕು, ತೀರಾ ಆಳವಿದ್ದರೆ 80ರಿಂದ. ಜಾಗವನ್ನು ಸೋಪಿನಲ್ಲಿ ತೊಳೆದು ಎಣ್ಣೆಯ ಪಸೆ ತೆಗೆದು, ನೀರು ಚಿಮುಕಿಸಿ, ಕಾಗದವನ್ನು ರಬ್ಬರ್ ಅಥವಾ ಕಾರ್ಕಿನ ತುಂಡಿಗೆ ಸುತ್ತಿ ವೃತ್ತಾಕಾರವಾಗಿ ಉಜ್ಜಬೇಕು. ಬರೀ ಬೆರಳಿನಿಂದ ಒತ್ತಿ ಉಜ್ಜಿದರೆ ಬೆರಳಿನಷ್ಟೇ ಅಗಲದ ತಗ್ಗು ಬೀಳುತ್ತದೆ, ಸಂಜೆ ದೀಪದ ಓರೆ ಬೆಳಕಿನಲ್ಲಿ ಅದು ಗೀರಿಗಿಂತ ಹೆಚ್ಚು ಕಣ್ಣಿಗೆ ಹೊಡೆಯುತ್ತದೆ. ಗೀರಿನ ಸುತ್ತ ಕನಿಷ್ಠ ಒಂದು ಗೇಣು ಜಾಗವನ್ನು ಸೇರಿಸಿಕೊಂಡು, ಅಂಚಿಗೆ ಹೋದಂತೆ ಕೈ ಹಗುರ ಮಾಡಬೇಕು. 80 ಆದ ಮೇಲೆ 120, ಅದಾದ ಮೇಲೆ 220. ನಡುವಿನದನ್ನು ಹಾರಿಸಿದರೆ ಮೊದಲಿನ ಕಾಗದದ ಗೀರುಗಳು ಉಳಿದುಬಿಡುತ್ತವೆ. ನುಣುಪು ಇನ್ನೂ ಇರಲೆಂದು 400ಕ್ಕೆ ಹೋಗುವುದು ತಪ್ಪು. ಸುತ್ತಲಿನ ಕಲ್ಲು 220ರ ಮಂಕಿನಲ್ಲಿರುವಾಗ ಅಲ್ಲಿ ಮಾತ್ರ ಹೊಳಪಿನ ಮಚ್ಚೆ ಬರುತ್ತದೆ. ಆಮೇಲೆ ಒರೆಸಿ, ಒಣಗಿಸಿ, ಎಣ್ಣೆ ಹಚ್ಚಿದರೆ ಬಣ್ಣ ಕೂಡಿಕೊಳ್ಳಲು ಕೆಲವು ವಾರ ಹಿಡಿಯುತ್ತದೆ. ಇನ್ನೊಂದು ತೊಡಕು ಇದೆ. ಕಲ್ಲಿನಲ್ಲಿ ಓಡುವ ಬಿಳಿ ನರಗಳು ಸುತ್ತಲಿನ ಮೈಯಷ್ಟೇ ಗಟ್ಟಿ ಇರುವುದಿಲ್ಲ. ಡಾಲೊಮೈಟ್ ನರವಾದರೆ ಗಟ್ಟಿ, ಟಾಲ್ಕ್ ನರವಾದರೆ ಇನ್ನೂ ಮೆದು. ಅದರ ಮೇಲೆ ಉಜ್ಜಿದಾಗ ಒಂದು ಉಬ್ಬಿ ನಿಲ್ಲುತ್ತದೆ, ಇನ್ನೊಂದು ಕಾಲುವೆಯಾಗುತ್ತದೆ. ನರ ಹಾದುಹೋದ ಜಾಗದ ಗೀರನ್ನು ಸಣ್ಣದಾಗಿದ್ದರೆ ಬಿಟ್ಟುಬಿಡುವುದೇ ಒಳ್ಳೆಯದು.

'ಗೀರು ಬಿದ್ದರೇನು, ನೀವೇ ಉಜ್ಜಿ ತೆಗೆಯಬಹುದು' ಎಂಬ ಮಾತು ಪ್ರಚಾರದಲ್ಲಿ ಗುಣವಾಗಿ ಬರುತ್ತದೆ. ಗ್ರಾನೈಟಿನಲ್ಲಿ ಆಗದ್ದು ಇದರಲ್ಲಿ ಆಗುತ್ತದೆ, ನಿಜವೇ. ಆದರೆ ಗ್ರಾನೈಟಿಗೆ ಅದರ ಅಗತ್ಯ ಬೀಳುವುದು ಅಪರೂಪ.

ಗೀರಿಗಿಂತ ದೊಡ್ಡ ಚಿಂತೆ ಚಕ್ಕೆ ಹಾರುವುದು. ಸಿಂಕಿನ ಬಾಯಿ, ಕಟ್ಟೆಯ ಮುಂದಿನ ಅಂಚು, ಮೂಲೆ ಈ ಮೂರು ಕಡೆ ತಾಗುವ ಪೆಟ್ಟೇ ಹೆಚ್ಚು. ತುಂಬಿದ ಕುಕ್ಕರನ್ನು ಸಿಂಕಿಗೆ ಇಳಿಸುವಾಗ ಅಂಚಿಗೆ ಬಡಿದರೆ ಗ್ರಾನೈಟ್ ಸದ್ದು ಮಾಡಿ ಸುಮ್ಮನಾಗುತ್ತದೆ. ಬಳಪದ ಕಲ್ಲು ಕಡಲೆಬೇಳೆಯಷ್ಟು ಚೂರು ಬಿಟ್ಟುಕೊಡುತ್ತದೆ. ಹಲಗೆ ಕತ್ತರಿಸುವಾಗಲೇ ಅಂಚನ್ನು ಚೂಪಾಗಿ ಬಿಡದೆ ಕನಿಷ್ಠ 3 ಮಿ.ಮೀ. ಗುಂಡಗೆ ಮಾಡಿಸಿದರೆ ಅರ್ಧ ತೊಂದರೆ ತಪ್ಪುತ್ತದೆ, ಸಿಂಕಿನ ಬಾಯಿಗೆ ಇನ್ನೂ ಸ್ವಲ್ಪ ಹೆಚ್ಚು ಗುಂಡಗೆ ಬೇಕು. ಶುಂಠಿ, ಏಲಕ್ಕಿ, ಬೆಳ್ಳುಳ್ಳಿ ಜಜ್ಜುವ ಕುಟ್ಟಾಣಿಯನ್ನು ನೇರ ಕಟ್ಟೆಯ ಮೇಲಿಟ್ಟು ಕುಟ್ಟಬಾರದು. ದಪ್ಪ ಮರದ ಮಣೆ, ಅದರ ಕೆಳಗೆ ಮಡಿಸಿದ ಬಟ್ಟೆ ಇರಲಿ. ತೆಂಗಿನಕಾಯಿಯನ್ನಂತೂ ಈ ಅಂಚಿಗೆ ಒಡೆಯುವ ಮಾತೇ ಇಲ್ಲ. ಹಾರಿದ ಚಕ್ಕೆಯ ಜಾಗವನ್ನು ಅದೇ ಕಲ್ಲಿನ ಪುಡಿಯನ್ನು ಎಪಾಕ್ಸಿ ಎಂಬ ಗಟ್ಟಿ ಅಂಟಿನಲ್ಲಿ ಕಲಸಿ, ಮಟ್ಟಕ್ಕಿಂತ ಕೂದಲೆಳೆಯಷ್ಟು ಉಬ್ಬಾಗಿ ತುಂಬಿ, ಒಂದು ದಿನ ಬಿಟ್ಟು 120, 220ರಲ್ಲಿ ಸಮ ಮಾಡಬಹುದು.

ಇನ್ನು ಎಣ್ಣೆಯ ವಿಚಾರ. ಕೊಳ್ಳುವವರಿಗೆ ಅತಿ ಹೆಚ್ಚು ಗೊಂದಲ ಇರುವುದು ಇಲ್ಲಿ. ಗಣಿಯಿಂದ ಬಂದ ಬಳಪದ ಕಲ್ಲು ತಿಳಿ ಬೂದಿ ಬಣ್ಣದ್ದು, ಸ್ವಲ್ಪ ನೀಲಿಯ ಅಥವಾ ಹಸಿರಿನ ಛಾಯೆ. ಅಂಗಡಿಯ ಫೋಟೋದಲ್ಲಿ ಕಾಣುವ ಕಡುಗಪ್ಪು ಎಣ್ಣೆ ಹಚ್ಚಿದ ಮೇಲಿನದು. ಎಣ್ಣೆ ಕಲ್ಲನ್ನು ಕಾಪಾಡುವುದಿಲ್ಲ, ಕಲೆ ತಡೆಯುವುದಿಲ್ಲ, ಗಟ್ಟಿ ಮಾಡುವುದೂ ಇಲ್ಲ. ಅದು ಮಾಡುವುದು ಒಂದೇ ಕೆಲಸ: ಬಣ್ಣ ಒಂದೇ ಸಮ ಕಾಣುವಂತೆ ಮಾಡುವುದು. ಹಚ್ಚದೇ ಬಿಟ್ಟರೆ ಕಲ್ಲಿಗೆ ಕೇಡಿಲ್ಲ, ಆದರೆ ಅಡುಗೆಮನೆ ತಾನೇ ಹಚ್ಚುತ್ತದೆ. ಒಲೆಯ ಅಕ್ಕಪಕ್ಕ ಒಗ್ಗರಣೆ ಸಿಡಿದು ಕಪ್ಪಾಗುತ್ತದೆ. ಚಪಾತಿ ಲಟ್ಟಿಸುವ ಕಡೆ ಅಂಗೈಯ ಜಿಡ್ಡಿನಿಂದ ನಸುಗಪ್ಪು. ಸಿಂಕಿನ ಸುತ್ತ ದಿನವೂ ಪಾತ್ರೆ ತೊಳೆಯುವ ಸೋಪು ಜಿಡ್ಡನ್ನು ತೆಗೆಯುತ್ತಲೇ ಇರುವುದರಿಂದ ಅಲ್ಲಿ ಬೂದಿ ಬಣ್ಣ. ಆರು ತಿಂಗಳಲ್ಲಿ ಒಂದೇ ಕಟ್ಟೆ ಮೂರು ಕಲ್ಲಿನಿಂದ ಮಾಡಿದಂತೆ ಕಾಣತೊಡಗುತ್ತದೆ. ವಾರಕ್ಕೊಂದು ಸಲ ಬೆಣ್ಣೆ ಕಾಯಿಸುವ ಮನೆಗೆ ಹೋಲಿಸಿದರೆ ದಿನಕ್ಕೆ ಎರಡು ಮೂರು ಒಗ್ಗರಣೆ ಬೀಳುವ ಮನೆಯಲ್ಲಿ ಈ ವ್ಯತ್ಯಾಸ ಬೇಗ ಮತ್ತು ಗಾಢ. ಹುಳಿ, ಅರಿಸಿನ, ಬಿಸಿ ಎಲ್ಲವನ್ನೂ ತಡೆಯುವ ಕಲ್ಲು ನಮ್ಮ ಅಡುಗೆಗೆ ಸೋಲುವುದು ಎಣ್ಣೆಯ ವಿಷಯದಲ್ಲಿ.

ಸಮ ಬಣ್ಣ ಬೇಕೆಂದರೆ ಮಿನರಲ್ ಆಯಿಲ್ ಹಚ್ಚಬೇಕು. ಅಮೆರಿಕದ ಔಷಧಿ ಅಂಗಡಿಗಳಲ್ಲಿ ಅದು ಮಲಬದ್ಧತೆಯ ಔಷಧಿಯಾಗಿ ಸಿಗುತ್ತದೆ, ನಮ್ಮಲ್ಲಿ ಮೆಡಿಕಲ್ ಸ್ಟೋರಿನಲ್ಲಿ ಲಿಕ್ವಿಡ್ ಪ್ಯಾರಾಫಿನ್ ಎಂದು ಕೇಳಿದರೆ ಕೊಡುತ್ತಾರೆ. ಕಟ್ಟೆ ಕೂರಿಸಿದ ಮೇಲೆ ತೊಳೆದು, ಒಂದು ದಿನ ಪೂರ್ತಿ ಒಣಗಲು ಬಿಟ್ಟು, ಹತ್ತಿ ಬಟ್ಟೆಯಿಂದ ತೆಳುವಾಗಿ ಹರಡಿ, ಅರ್ಧ ಗಂಟೆ ಬಿಟ್ಟು ಹೆಚ್ಚಿನದನ್ನೆಲ್ಲ ಒರೆಸಿ ತೆಗೆಯಬೇಕು. ಒರೆಸದೆ ಬಿಟ್ಟರೆ ಅದರ ಮೇಲೆ ಹಿಟ್ಟು, ಧೂಳು ಕೂರುತ್ತದೆ, ಮುಂಗೈ ಇಟ್ಟ ಕಡೆಯೆಲ್ಲ ತೋಳಿಗೆ ಜಿಡ್ಡು ಮೆತ್ತುತ್ತದೆ. ಮೊದಲ ತಿಂಗಳು ವಾರಕ್ಕೊಮ್ಮೆ, ಆಮೇಲೆ ಒಂದು ವರ್ಷ ತಿಂಗಳಿಗೊಮ್ಮೆ, ಅಲ್ಲಿಂದಾಚೆ ಎರಡು ಮೂರು ತಿಂಗಳಿಗೊಮ್ಮೆ. ಕಲ್ಲು ಕಲ್ಲಿಗೆ ಇದು ಬೇರೆ. ಕೆಲವು ಬೇಗ ಎಣ್ಣೆ ಹಿಡಿದುಕೊಂಡು ನಿಲ್ಲುತ್ತವೆ, ಕೆಲವು ವರ್ಷವಾದರೂ ಬಿಳಚಿಕೊಳ್ಳುತ್ತಲೇ ಇರುತ್ತವೆ. ಪ್ರತಿ ಸಲವೂ ಕಟ್ಟೆಯ ಮೇಲಿನ ಮಿಕ್ಸಿ, ಡಬ್ಬಿ, ಸ್ಟ್ಯಾಂಡು ಎಲ್ಲ ತೆಗೆದು ಬೇರೆ ಕಡೆ ಇಡಬೇಕು ಎನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಹಚ್ಚುವ ಕೆಲಸಕ್ಕಿಂತ ಇದೇ ಹೆಚ್ಚು ಹೊತ್ತು ತಿನ್ನುತ್ತದೆ.

ಮನೆಯಲ್ಲಿರುವ ಕೊಬ್ಬರಿ ಎಣ್ಣೆ, ಹರಳೆಣ್ಣೆ ಏಕಾಗಬಾರದು ಎಂದು ಕೇಳುವವರು ಸಾಮಾನ್ಯವಾಗಿ ಕಲ್ಮರಿಗೆ ಕಂಡವರು. ಮಲೆನಾಡು, ಕರಾವಳಿಯ ಮನೆಗಳಲ್ಲಿ ಉಪ್ಪಿನಕಾಯಿ, ಗೊಜ್ಜು, ತಂಬುಳಿ ಇಡುವ ಕಲ್ಮರಿಗೆಯೂ ಇದೇ ಮೆದು ಕಲ್ಲಿನದು. ಹೊಸ ಕಲ್ಲಿನ ಪಾತ್ರೆಗೆ ಎಣ್ಣೆ, ಅರಿಸಿನ ಸವರಿ, ದಿನಗಟ್ಟಲೆ ಗಂಜಿ ತಿಳಿ ತುಂಬಿಟ್ಟು ಪಳಗಿಸುವ ಕ್ರಮವೂ ಇದೆ. ಒಲೆಯ ಮೇಲೇರುವ ಪಾತ್ರೆಯಲ್ಲಿ ಎಣ್ಣೆ ಕಾದು ಮೈಗೆ ಹತ್ತುತ್ತದೆ. ಕಟ್ಟೆಯ ಮೇಲೆ ಅಂಥ ಕಾವಿಲ್ಲ. ಅಡುಗೆ ಎಣ್ಣೆ ಅಲ್ಲಿ ಗಾಳಿಗೆ ಸಿಕ್ಕು ಮೊದಲು ಜಿಗುಟಾಗುತ್ತದೆ, ಬರುಬರುತ್ತ ಹಳೆಯ ಹಪ್ಪಳದ ಡಬ್ಬಿಯ ಕಮಟು ವಾಸನೆ ಹಿಡಿಯುತ್ತದೆ. ಹಾಗೆ ಆಗಿಬಿಟ್ಟಿದ್ದರೆ ಅಸಿಟೋನ್ ಅಥವಾ ಸ್ಪಿರಿಟ್ಟಿನಲ್ಲಿ ಬಟ್ಟೆ ಅದ್ದಿ, ಕಿಟಕಿ ತೆರೆದು, ಒಲೆ ಆರಿಸಿ, ಒರೆಸಿ ತೆಗೆಯಬಹುದು. ಲ್ಯಾಬ್ ಮೇಜಿನ ಕಲ್ಲಿಗೆ ಅದರಿಂದ ಏನೂ ಆಗುವುದಿಲ್ಲ. ಒಲೆಯ ಪಕ್ಕ ತಾನಾಗಿ ಕಟ್ಟುವ ಕಂದು ಜಿಡ್ಡಿಗೂ ಇದೇ ಮದ್ದು.

ಎಣ್ಣೆಯ ಬದಲು ಜೇನುಮೇಣ ಬೆರೆಸಿದ ಮೇಣ ಹಚ್ಚುವವರಿದ್ದಾರೆ, ತೂಕದಲ್ಲಿ ಒಂದು ಪಾಲು ಮೇಣಕ್ಕೆ ನಾಲ್ಕು ಪಾಲು ಮಿನರಲ್ ಆಯಿಲ್, ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿದ್ದು. ಇದು ಎಣ್ಣೆಗಿಂತ ಹೆಚ್ಚು ದಿನ ನಿಲ್ಲುತ್ತದೆ. ಬಿಸಿ ಪಾತ್ರೆ ಇಟ್ಟ ಜಾಗದಲ್ಲಿ ಮಾತ್ರ ಕರಗಿ ಸುತ್ತ ಸರಿದು ಉಂಗುರ ಉಳಿಸುತ್ತದೆ. ಗ್ರಾನೈಟಿನ ರಂಧ್ರ ಮುಚ್ಚಲು ಹಾಕುವ ಸೀಲರ್ ಇದಕ್ಕೆ ಬೇಡವೇ ಬೇಡ. ಒಳಗೆ ಇಳಿಯಲು ಜಾಗವಿಲ್ಲದೆ ಅದು ಪೊರೆಯಾಗಿ ಮೇಲೆ ಕೂತು, ಆಮೇಲೆ ತೇಪೆ ತೇಪೆಯಾಗಿ ಏಳುತ್ತದೆ.

ಬಿಸಿ ತಡೆಯುವ ಗುಣದ ಬಗ್ಗೆ ಎರಡು ಮಾತು. ಫಿನ್ಲೆಂಡಿನಲ್ಲಿ ಈ ಕಲ್ಲಿನಿಂದಲೇ ಮನೆ ಬೆಚ್ಚಗಿಡುವ ಸೌದೆ ಒಲೆ ಕಟ್ಟುತ್ತಾರೆ, ಹಾಗಾಗಿ ಕುದಿಯುವ ಸಾರಿನ ಪಾತ್ರೆ ಇದಕ್ಕೆ ಲೆಕ್ಕವಲ್ಲ. ಒಲೆಗೆ ಇದು ಒದಗುವುದು ಕಾವನ್ನು ಬೇಗ ಹೀರಿ ನಿಧಾನಕ್ಕೆ ಬಿಡುವುದರಿಂದ. ಕಟ್ಟೆಯಲ್ಲಿಯೂ ಅದು ಅದನ್ನೇ ಮಾಡುತ್ತದೆ. ಬಾಣಲೆ ಎತ್ತಿದ ಎಷ್ಟೋ ಹೊತ್ತಿನ ತನಕ ಆ ಜಾಗ ಸುಡುತ್ತಿರುತ್ತದೆ, ನೋಡಿದರೆ ಗೊತ್ತಾಗುವುದಿಲ್ಲ. ಮಕ್ಕಳ ಕೈ ಎಟುಕುವ ಮಟ್ಟದಲ್ಲಿದ್ದರೆ ಇದು ಸಣ್ಣ ವಿಷಯವಲ್ಲ. ಬಿಸಿ ಬುಡದಡಿ ಎಣ್ಣೆ ಆರಿ ಬಿಳಿ ಚಕ್ರವೂ ಉಳಿಯುತ್ತದೆ. ಎರಡು ಹಲಗೆ ಕೂಡುವ ಸಂದಿನ ಮೇಲೆ ಕಾದ ಬಾಣಲೆ ಇಡುವುದಂತೂ ಸಲ್ಲದು. ಕಲ್ಲು ತಡೆದರೂ ಸಂದಿನ ಎಪಾಕ್ಸಿ ತಡೆಯದೆ ಹಳದಿಗಟ್ಟುತ್ತದೆ, ಮೆತ್ತಗಾಗುತ್ತದೆ. ಅಂತೂ ಈ ಕಟ್ಟೆಗೂ ಸಿಂಬಿ, ಮಣೆ ಬೇಕೇ ಬೇಕು.

ಸಂದಿನ ಮಾತು ಬಂತು. ಬಳಪದ ಕಲ್ಲಿನ ಗಣಿಯಲ್ಲಿ ದೊಡ್ಡ ಬಂಡೆ ಬಿರುಕಿಲ್ಲದೆ ಸಿಗುವುದು ಕಷ್ಟ, ಆದ್ದರಿಂದ ಹಲಗೆಗಳೂ ಗಿಡ್ಡ. ಗ್ರಾನೈಟ್ ಒಂಬತ್ತು ಹತ್ತು ಅಡಿ ಉದ್ದಕ್ಕೆ ಸಿಕ್ಕರೆ ಇದು ಸಾಮಾನ್ಯವಾಗಿ ಆರೇಳು ಅಡಿ. 'ಎಲ್' ಆಕಾರದ ಕಟ್ಟೆಗೆ ಗ್ರಾನೈಟಿನಲ್ಲಿ ಒಂದು ಸಂದು ಬಂದರೆ ಇಲ್ಲಿ ಎರಡು ಮೂರು ಬರಬಹುದು. ಸಂದು ತುಂಬುವ ಎಪಾಕ್ಸಿಗೆ ಬಣ್ಣ ಬೆರೆಸುವಾಗ ಮುಖ್ಯವಾದ ಪ್ರಶ್ನೆ ಒಂದಿದೆ: ಈ ಕಟ್ಟೆಗೆ ಎಣ್ಣೆ ಹಚ್ಚುತ್ತೀರೋ ಇಲ್ಲವೋ? ಕೂರಿಸುವ ದಿನ ಕಲ್ಲು ಬೂದಿ ಬಣ್ಣದಲ್ಲಿರುತ್ತದೆ. ಕೆಲಸದವರು ಆ ಬಣ್ಣಕ್ಕೆ ಹೊಂದಿಸಿ ತುಂಬಿ ಹೋದರೆ, ಮಾರನೇ ದಿನ ಎಣ್ಣೆ ಹಚ್ಚಿದಾಗ ಕಲ್ಲು ಕಪ್ಪಾಗುತ್ತದೆ, ಎಪಾಕ್ಸಿ ಆಗುವುದಿಲ್ಲ. ಕಪ್ಪು ಕಟ್ಟೆಗೆ ಅಡ್ಡಲಾಗಿ ಬೂದಿ ದಾರ ಎಳೆದಂತೆ ಸಂದು ಎದ್ದು ಕಾಣುತ್ತದೆ. ಎಣ್ಣೆ ಹಚ್ಚಿದ ತುಂಡನ್ನು ಪಕ್ಕದಲ್ಲಿಟ್ಟುಕೊಂಡು ಬಣ್ಣ ಬೆರೆಸಲು ಮೊದಲೇ ಹೇಳಬೇಕು.

ತೂಕವೂ ಹೆಚ್ಚು. 30 ಮಿ.ಮೀ. ದಪ್ಪದ ಹಲಗೆ ಚದರ ಮೀಟರಿಗೆ ಸುಮಾರು 87 ಕೆ.ಜಿ., ಅಂದರೆ ಚದರ ಅಡಿಗೆ 8 ಕೆ.ಜಿ. ಐವತ್ತು ಚದರ ಅಡಿಯ ಕಟ್ಟೆಗೆ 400 ಕೆ.ಜಿ. ಕೆಳಗಿನ ಕಪಾಟುಗಳು ಒಂದೇ ಮಟ್ಟದಲ್ಲಿ ಇರದಿದ್ದರೆ ಈ ಭಾರ ನರದ ಜಾಗ ಹುಡುಕಿ ಬಿರುಕು ಬಿಡಿಸುತ್ತದೆ. ತೂಕ ಉಳಿಸಲು 20 ಮಿ.ಮೀ. ಹಲಗೆ ಹಾಕಿಸುವುದು ಈ ಕಲ್ಲಿನಲ್ಲಿ ಅಪಾಯ. ಗ್ರಾನೈಟ್ 30 ಮಿ.ಮೀ. ಇದ್ದರೆ ಸುಮಾರು 25 ಸೆಂ.ಮೀ. ತನಕ ಆಸರೆಯಿಲ್ಲದೆ ಹೊರಚಾಚಬಹುದೆಂಬುದು ವಾಡಿಕೆ. ಇಲ್ಲಿ ಅದಕ್ಕಿಂತ ಮೊದಲೇ ಕಬ್ಬಿಣದ ಬ್ರಾಕೆಟ್ ಕೊಡಬೇಕು. ಅತಿ ದುರ್ಬಲ ಜಾಗವೆಂದರೆ ಸಿಂಕಿನ ಮುಂದೆ ಉಳಿಯುವ ನಾಲ್ಕು ಬೆರಳಿನ ಪಟ್ಟಿ. ಹಲಗೆಯ ನರ ಆ ಪಟ್ಟಿಯನ್ನು ಅಡ್ಡ ಹಾಯದಂತೆ ಸಿಂಕಿನ ಗುರುತು ಹಾಕಿಸುವುದು ಮನೆಯವರ ಕಣ್ಣಮುಂದೆ ಆಗಬೇಕಾದ ಕೆಲಸ.

ಬಣ್ಣದಲ್ಲಿ ಆಯ್ಕೆ ಕಡಿಮೆ. ಬೂದಿ, ಕಪ್ಪು, ಹಸಿರುಗಪ್ಪು, ಅಷ್ಟೇ. ಕಿಟಕಿ ಸಣ್ಣದಿರುವ ಅಡುಗೆಮನೆ ಇನ್ನಷ್ಟು ಕತ್ತಲಾಗುತ್ತದೆ. ಬೋರ್‌ವೆಲ್‌ನ ಗಡಸು ನೀರು ಬಳಸುವ ಮನೆಗಳಲ್ಲಿ ಆರಿದ ಹನಿಗಳೆಲ್ಲ ಸುಣ್ಣದ ಚುಕ್ಕೆಗಳಾಗಿ ಕಪ್ಪು ಮೈಮೇಲೆ ಕಾಣುತ್ತವೆ, ವಿನೆಗರಿನಲ್ಲಿ ಒರೆಸಿದರೆ ಹೋಗುತ್ತವೆ. ಕೆಲವು ಹಲಗೆಗಳಲ್ಲಿ ಪೈರೈಟ್ ಎಂಬ ಕಬ್ಬಿಣದ ಖನಿಜದ ಕಣಗಳಿದ್ದು, ಸಿಂಕಿನ ಸುತ್ತಲ ತೇವಕ್ಕೆ ತುಕ್ಕಿನ ಚುಕ್ಕೆ ಬಿಡುವುದೂ ಇದೆ.

ಧೂಳಿನ ವಿಷಯ ಸ್ವಲ್ಪ ನಿಂತು ಹೇಳಬೇಕಾದದ್ದು. ಶ್ವಾಸಕೋಶ ಹಾಳುಮಾಡುವ ಸಿಲಿಕಾ ಬಳಪದ ಕಲ್ಲಿನಲ್ಲಿ ಗ್ರಾನೈಟಿಗಿಂತ ಕಡಿಮೆ. ಕೃತಕ ಕ್ವಾರ್ಟ್ಸ್ ಹಲಗೆಗಳಲ್ಲಂತೂ ಅದು 90 ಭಾಗಕ್ಕೂ ಮೀರಬಹುದು, ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅವನ್ನು ನಿಷೇಧಿಸಿದ್ದೂ ಇದೇ ಕಾರಣಕ್ಕೆ. ಹಾಗೆಂದು ಬಳಪದ ಪುಡಿ ನಿರಪಾಯಕಾರಿ ಅಲ್ಲ. ಟಾಲ್ಕ್ ಧೂಳನ್ನು ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶಕ್ಕೆ ರೋಗ ಬರುತ್ತದೆ. ಕೆಲವು ಗಣಿಗಳ ಕಲ್ಲಿನಲ್ಲಿ ಟ್ರೆಮೊಲೈಟ್ ಎಂಬ ಖನಿಜ ಎಳೆಎಳೆಯಾಗಿ ಇರುತ್ತದೆ, ಆ ರೂಪದಲ್ಲಿ ಅದು ಆಸ್ಬೆಸ್ಟಾಸೇ. ಕೂರಿಸಿದ ಕಟ್ಟೆಯ ಮೇಲೆ ಅಡುಗೆ ಮಾಡುವವರಿಗೆ ಇದರಿಂದ ಭಯವಿಲ್ಲ. ಅಪಾಯ ಇರುವುದು ಕತ್ತರಿಸುವ, ಉಜ್ಜುವ ಕೈಗಳಿಗೆ. ಮಾರುವವರ ಬಳಿ ಆಸ್ಬೆಸ್ಟಾಸ್ ಇಲ್ಲವೆಂಬ ಪರೀಕ್ಷಾ ವರದಿ ಕೇಳಿ. ಮನೆಯೊಳಗೆ ಯಂತ್ರ ಹಿಡಿದು ಒಣ ಉಜ್ಜಲು ಯಾರನ್ನೂ ಬಿಡಬೇಡಿ. ಮೇಲೆ ಹೇಳಿದ ಗೀರು ತೆಗೆಯುವ ಕೆಲಸವನ್ನೂ ನೀರು ಹಾಕಿಯೇ ಮಾಡಿ, ಕೆಸರನ್ನು ಒಣಗಲು ಬಿಡದೆ ಒದ್ದೆ ಬಟ್ಟೆಯಲ್ಲಿ ಬಾಚಿ ತೆಗೆಯಿರಿ.

ಊರಿನಲ್ಲಿ, ಅಂದರೆ ಕರ್ನಾಟಕದಲ್ಲಿ ಇದನ್ನು ಹಾಕಿಸುವವರಿಗೆ ಇನ್ನೂ ಒಂದೆರಡು ತೊಡಕು. ದೇಶದಲ್ಲಿ ಬಳಪದ ಕಲ್ಲಿನ ಗಣಿಗಾರಿಕೆಯಲ್ಲಿ ರಾಜಸ್ಥಾನ ಮುಂದಿದೆ, ಆದರೆ ತೆಗೆದದ್ದರಲ್ಲಿ ಹೆಚ್ಚಿನದು ಪುಡಿಯಾಗಿ ಕಾಗದ, ಬಣ್ಣ, ಪಿಂಗಾಣಿ ಕೈಗಾರಿಕೆಗಳಿಗೆ ಹೋಗುತ್ತದೆ. ಕಟ್ಟೆಗೆ ಬರುವಷ್ಟು ಗಟ್ಟಿ, ಅಷ್ಟು ದೊಡ್ಡ ಹಲಗೆ ಸಿಗುವುದು ಕಡಿಮೆ. ಕೂರಿಸಲು ಬರುವವರ ಕೈ ಗ್ರಾನೈಟಿಗೆ ಒಗ್ಗಿದ್ದು. ಗ್ರಾನೈಟಿಗೆ ಒತ್ತುವ ಹಾಗೆ ಕಟರ್ ಒತ್ತಿದರೆ ಇದರ ಅಂಚು ಒಡೆಯುತ್ತದೆ. ಪಾಲಿಶ್ ಪ್ಯಾಡ್ ಹಾಕಿ ಕನ್ನಡಿ ಹೊಳಪು ತರಲು ಹೋದರೆ ಆ ಹೊಳಪು ಒಂದು ವಾರವೂ ನಿಲ್ಲುವುದಿಲ್ಲ. ನಮ್ಮಲ್ಲಿ ಗ್ಯಾಸ್ ಒಲೆ ಕಟ್ಟೆಯ ಮೇಲೇ ಕೂರುವುದರಿಂದ ಅದರ ಕಾಲುಗಳ ರಬ್ಬರ್ ಬುಡವನ್ನು ಆಗಾಗ ನೋಡುತ್ತಿರಬೇಕು. ಒಂದು ಬುಡ ಕಳಚಿದ ಒಲೆಯನ್ನು ಒರೆಸಲೆಂದು ದಿನವೂ ಸರಿಸಿದರೆ ಆ ಕಾಲಿನಡಿ ನೇಗಿಲ ಸಾಲೇ ಬೀಳುತ್ತದೆ. ಇಳಕಲ್ಲಿನ ಕೆಂಪು, ಚಾಮರಾಜನಗರದ ಕಪ್ಪು ಗ್ರಾನೈಟ್ ಕೈಗೆಟುಕುವಾಗ ದೂರದಿಂದ ಬಳಪದ ಕಲ್ಲು ತರಿಸಲು ನಮಗಂತೂ ಗಟ್ಟಿ ಕಾರಣ ಕಾಣುವುದಿಲ್ಲ.

ಇಷ್ಟಾದರೂ ಅದರ ಮುಟ್ಟಿದರೆ ರೇಷ್ಮೆಯಂಥ ಮೈ, ಬೆಳಕನ್ನು ಹೀರುವ ಮಂಕು ಕಪ್ಪು ಮನಸ್ಸು ಹಿಡಿದಿದ್ದರೆ, ಹಣ ಕೊಡುವ ಮುಂಚೆ ನಿಮ್ಮ ಹಲಗೆಯಿಂದಲೇ ಒಂದು ಗೇಣು ತುಂಡು ಕೇಳಿ ಪಡೆಯಿರಿ. ಅಂಗಡಿಯ ಮಾದರಿ ತುಂಡು ಬೇಡ. ಎರಡು ಗಣಿಗಳ ಕಲ್ಲು ಎರಡು ಥರ, ಕೆಲವೊಮ್ಮೆ ಬಳಪದ ಕಲ್ಲೆಂದು ಸರ್ಪೆಂಟೈನ್ ಎಂಬ ಬೇರೆ ಕಲ್ಲು ಕೂಡ ಮಾರಾಟವಾಗುತ್ತದೆ. ಮೊದಲು ಉಗುರಿನಿಂದ ಗೀರಿ. ಗೀರು ಬಿದ್ದರೆ ಅದು ಕೆತ್ತನೆಯ ಕಲ್ಲು, ಕಟ್ಟೆಗೆ ಬೇಡ. ಚಾಕುವಿಗೂ ಗೀರು ಬೀಳದಿದ್ದರೆ ಬಳಪದ ಕಲ್ಲೇ ಅಲ್ಲ. ಅರ್ಧ ಭಾಗಕ್ಕೆ ಎಣ್ಣೆ ಹಚ್ಚಿ, ಅರ್ಧ ಹಾಗೇ ಬಿಡಿ. ಎರಡೂ ಕಡೆ ನಿಂಬೆ ಹೋಳು ಬೋರಲಿಟ್ಟು ರಾತ್ರಿ ಕಳೆಯಲಿ. ಬೆಳಿಗ್ಗೆ ಮಂಕು ವೃತ್ತ ಕಂಡರೆ ಡಾಲೊಮೈಟ್‌ನಂಥ ಕಾರ್ಬೊನೇಟ್ ಖನಿಜಗಳ ಪಾಲು ಹೆಚ್ಚಿದೆ, ಹುಣಸೆ ಹುಳಿಗೂ ಅದೇ ಗತಿ. ಆಮೇಲೆ ನಿಮ್ಮದೇ ಪಿಂಗಾಣಿ ಬಟ್ಟಲು, ನಿಮ್ಮದೇ ಕುಕ್ಕರ್ ಎಳೆದು ನೋಡಿ. ಒಗ್ಗರಣೆ ಹಾಕುವಾಗ ಒಲೆಯ ಪಕ್ಕದಲ್ಲಿಡಿ, ಪಾತ್ರೆ ತೊಳೆಯುವಾಗ ಸಿಂಕಿನ ಪಕ್ಕದಲ್ಲಿಡಿ. ಎರಡು ವಾರದ ನಂತರ ಆ ತುಂಡು ಹೇಗಿದೆಯೋ ಕಟ್ಟೆಯೂ ಹಾಗೆಯೇ ಇರುತ್ತದೆ. ಅದನ್ನು ಕಂಡು ಕಸಿವಿಸಿಯಾದರೆ ಗ್ರಾನೈಟಿಗೆ ಹೋಗಿ. ಇಡೀ ಅಡುಗೆಮನೆಗೆ ಹಾಕುವ ಬದಲು ಒಲೆ, ಸಿಂಕುಗಳಿಂದ ದೂರ ಇರುವ ಒಂದು ಕಟ್ಟೆಗೆ ಮಾತ್ರ ಇದನ್ನು ಹಾಕಿ, ಉಳಿದದ್ದಕ್ಕೆ ಗ್ರಾನೈಟ್ ಬಳಸುವುದೂ ಒಳ್ಳೆಯ ದಾರಿ. ಚಪಾತಿ ಲಟ್ಟಿಸಲು, ಹೋಳಿಗೆ ತಟ್ಟಲು ತಣ್ಣನೆಯ ಈ ನುಣುಪು ಮೈ ಚೆನ್ನಾಗಿ ಒದಗುತ್ತದೆ.

ಕಡೆಯದಾಗಿ, ಕಟ್ಟೆ ಕೂರಿಸುವ ದಿನ ಸಿಂಕಿಗೆಂದು ಕತ್ತರಿಸಿ ತೆಗೆದ ತುಂಡನ್ನು ಕೆಲಸದವರು ಹೊತ್ತೊಯ್ಯಲು ಬಿಡಬೇಡಿ. ಒಂದೂ ಮುಕ್ಕಾಲು ಅಡಿ ಅಗಲ, ಎರಡೂವರೆ ಅಡಿ ಉದ್ದದ ಆ ತುಂಡು ನಿಮ್ಮ ಕಟ್ಟೆಗೆ ಬಣ್ಣದಲ್ಲಿ, ನರದಲ್ಲಿ ಹೊಂದುವ ಒಂದೇ ಕಲ್ಲು. ಅದಕ್ಕೂ ಕಟ್ಟೆಯ ಜೊತೆಗೇ ಎಣ್ಣೆ ಹಚ್ಚುತ್ತಾ ಬನ್ನಿ. ಐದು ವರ್ಷದ ಮೇಲೆ ಅಂಚಿನಲ್ಲಿ ಚಕ್ಕೆ ಹಾರಿದಾಗ ಎಪಾಕ್ಸಿಗೆ ಬೆರೆಸುವ ಪುಡಿ ಅದರಿಂದಲೇ ಬರಬೇಕು. ಉಜ್ಜುವ ಕೈ ಪಳಗಿಸಿಕೊಳ್ಳಲೂ ಮೊದಲು ಅದರ ಮೇಲೆ, ಆಮೇಲೆ ಕಟ್ಟೆಯ ಮೇಲೆ.